ವಿಭೂತಿ ಹಚ್ಚಿದ ಚೆಂಡು

ತೊಂದರೆ ಶುರುವಾದದ್ದು ಪಾರ್ವತಮ್ಮನವರ ಮೂರು ಬೆರಳಿನಿಂದ.

ಭಾನುವಾರ ಬೆಳಗ್ಗೆ ಐದೂವರೆಗೆ ಮತ್ತೋಡಿನ ಹೈಸ್ಕೂಲಿನ ಮುಂದೆ ಟೆಂಪೋ ನಿಂತಿತ್ತು. ಚಿತ್ರದುರ್ಗದಲ್ಲಿ ಆ ದಿನ ವಲಯ ಮಟ್ಟದ ಹವ್ಯಾಸಿ ಟಚ್ ರಗ್ಬಿ ಪಂದ್ಯಾವಳಿ. ಶಾಲೆಯ ಹಳೇ ವಿದ್ಯಾರ್ಥಿಗಳ ತಂಡ ಹೊಸದುರ್ಗ ತಾಲ್ಲೂಕಿನ ಪರವಾಗಿ ಹೊರಟಿತ್ತು. ಪೂಜೆ ಆಗದೆ ಗಾಡಿ ಹೊರಡಕೂಡದೆಂದು ಆಡಳಿತ ಮಂಡಳಿಯ ಕಾರ್ಯದರ್ಶಿ ಏಕಾಂತಪ್ಪನವರ ಅಪ್ಪಣೆಯಾಗಿದ್ದರಿಂದ ಅವರ ಹೆಂಡತಿ ಪಾರ್ವತಮ್ಮನವರು ತಟ್ಟೆ ಹಿಡಿದು ಬಂದಿದ್ದರು. ಟೆಂಪೋದ ಗಾಜಿಗೆ ಕುಂಕುಮ ಇಟ್ಟರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಆಟಗಾರರ ಹಣೆಗೆ ವಿಭೂತಿ ಇಟ್ಟರು, ಡ್ರೈವರನ ಹಣೆಗೂ ಇಟ್ಟರು. ತಟ್ಟೆಯಲ್ಲಿ ವಿಭೂತಿ ಇನ್ನೂ ಮಿಕ್ಕಿತ್ತು.

"ಚೆಂಡಿಗೆ?" ಎಂದರು.

ದೈಹಿಕ ಶಿಕ್ಷಕ ಚೇತನ್‌ಕುಮಾರ್ ಚೀಲದಿಂದ ಚೆಂಡು ತೆಗೆದುಕೊಟ್ಟ. ಬೇಡ ಎನ್ನಲು ಅವನಿಗೆ ಯಾವ ಕಾರಣವೂ ಹೊಳೆಯಲಿಲ್ಲ. ರಗ್ಬಿ ಚೆಂಡು ಗುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕಿರುತ್ತದೆ. ಇವರದ್ದು ಬೇರೆ ಕಪ್ಪು ಬಣ್ಣದ್ದು. ಕೆಳಗಿಟ್ಟರೆ ಉರುಳಿಹೋಗುತ್ತದೆಂದು ಪಾರ್ವತಮ್ಮನವರು ಅದನ್ನು ತಂಬಿಗೆಯ ಬಾಯಿಗೆ ನೆಟ್ಟಗೆ ನಿಲ್ಲಿಸಿದರು. ಮೂರು ಬೆರಳನ್ನು ವಿಭೂತಿಗೆ ಅದ್ದಿ ಅಡ್ಡಕ್ಕೆ ಎಳೆದರು. ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ನೆತ್ತಿಯ ಮೇಲೊಂದು ಬಿಲ್ವಪತ್ರೆ ಇಟ್ಟರು.

ಏಕಾಂತಪ್ಪನವರು ಮೆಲ್ಲಗೆ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಅಧ್ಯಕ್ಷರೂ ಮಿಕ್ಕ ಮೂವರು ಸದಸ್ಯರೂ ಬಿಟ್ಟರು. ಡ್ರೈವರ್ ಇಂಜಿನ್ ಆಫ್ ಮಾಡಿದ.

"ಸಾಕ್ಷಾತ್ ಈಶ್ವರನೇ ಕುಂತಂಗೈತೆ" ಎಂದರು ಏಕಾಂತಪ್ಪ. ಮಂಡಳಿಯಲ್ಲಿ ಅವರ ಮಾತಿಗೆ ಯಾವತ್ತೂ ಎದುರಾಡಿದವರಿಲ್ಲ, ಹಾಗಾಗಿ ಆ ವಿಷಯ ಅಲ್ಲಿಗೇ ತೀರ್ಮಾನವಾಯಿತು.

ಚೇತನ್‌ಕುಮಾರ್ ಮಾತ್ರ ಇದನ್ನೆಲ್ಲ ಅರ್ಧ ಮನಸ್ಸಿನಿಂದ ನೋಡುತ್ತಿದ್ದ. ಅವನ ತಲೆ ತುಂಬ ಬೇರೆಯೇ ಚಿಂತೆ. ಅವನು ಆ ಶಾಲೆಯಲ್ಲಿ ಆರು ವರ್ಷದಿಂದ ಅತಿಥಿ ಶಿಕ್ಷಕ. ಆರು ವರ್ಷ ಯಾರೂ ಯಾವ ಅತಿಥಿಯನ್ನೂ ಇಟ್ಟುಕೊಳ್ಳುವುದಿಲ್ಲ, ಹಾಗೆ ನೋಡಿದರೆ ಮಂಡಳಿಯವರು ಧಾರಾಳಿಗಳೇ. ಭೀಮಸಮುದ್ರದ ಅವನ ಮಾವ ನೆಂಟರ ಮುಂದೆ ಅವನನ್ನು ತೋರಿಸಿ "ಇವ್ರು ನಮ್ಮ ಅಳಿಯಂದ್ರು, ಇನ್ನೂ ಪರ್ಮನೆಂಟ್ ಆಗಿಲ್ಲ" ಎನ್ನುತ್ತಿದ್ದರು. ಕೇಳಿದವರು ಮದುವೆಯ ವಿಷಯವೇ ಇರಬೇಕೆಂದು ಅವನ ಹೆಂಡತಿ ದಿವ್ಯಾಳ ಮುಖವನ್ನು ಕನಿಕರದಿಂದ ನೋಡುತ್ತಿದ್ದರು. ಈ ವರ್ಷ ಶಾಲೆಗೆ ಒಂದು ಕಾಯಂ ಹುದ್ದೆ ಬಂದಿತ್ತು.

"ಕಪ್ ತಗಂಡು ಬಾರಪ್ಪ" ಎಂದಿದ್ದರು ಏಕಾಂತಪ್ಪ. "ಪರ್ಮನೆಂಟ್ ಮಾಡ್ಸಾ ಜವಾಬ್ದಾರಿ ನಂದು. ಕಪ್ ಬರ್ಲಿಲ್ಲ ಅಂದ್ರೆ ನಾನೂ ಏನ್ಮಾಡಂಗಿಲ್ಲ. ಅಧ್ಯಕ್ಷರ ಕಡೇರು ಒಬ್ರು ಹೊಳಲ್ಕೆರೆಯಾಗೆ ಅರ್ಜಿ ಹಿಡ್ಕಂಡು ಕುಂತವ್ರೆ."

ಅಂದಿನಿಂದ ಮೂರು ತಿಂಗಳು ಚೇತನ್‌ಕುಮಾರ್ ತಂಡಕ್ಕೆ ಆಟ ಕಲಿಸಿದ್ದ. ಟಚ್ ರಗ್ಬಿಯಲ್ಲಿ ಕೆಡವುವುದು, ತಬ್ಬುವುದು ಇಲ್ಲ. ಚೆಂಡು ಹಿಡಿದು ಓಡುವವನನ್ನು ಎದುರಾಳಿ ಕೈಯಿಂದ ಮುಟ್ಟಿದರೆ ಸಾಕು, ಅವನು ನಿಲ್ಲಬೇಕು. ನಿಂತು, ಚೆಂಡನ್ನು ನೆಲಕ್ಕಿಟ್ಟು, ಅಂಗಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹಿಂದಿನವನು ಎತ್ತಿಕೊಂಡು ಮತ್ತೆ ಓಡಬೇಕು. ಆರು ಸಲ ಮುಟ್ಟಿಸಿಕೊಳ್ಳುವುದರೊಳಗೆ ಎದುರಿನ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸಿದರೆ ಒಂದು ಟ್ರೈ. ಓಡುತ್ತಾ ಚೆಂಡನ್ನು ಹಿಂದಿನವನಿಗೆ ಮಾತ್ರ ಎಸೆಯಬಹುದು. ಇಷ್ಟೇ ಆಟ. ಈ ಆಟದಲ್ಲಿ ಅಂಗಾಲು ಬರುತ್ತದೆ ಎನ್ನುವುದನ್ನು ಪಾರ್ವತಮ್ಮನವರಿಗೆ ಯಾರೂ ಹೇಳಿರಲಿಲ್ಲ.

ತಂಡವೂ ಜೊತೆಗೇ ಹೊರಟ ಮಂಡಳಿಯವರೂ ಪಾರ್ವತಮ್ಮನವರೂ ಚಿತ್ರದುರ್ಗದ ಸ್ಟೇಡಿಯಂ ಮುಟ್ಟಿದಾಗ ಎಂಟು ಗಂಟೆ. ನಾಲ್ಕು ತಾಲ್ಲೂಕಿನ ನಾಲ್ಕು ತಂಡ ಬಂದಿದ್ದವು. ಮೊದಲ ಪಂದ್ಯದಲ್ಲಿ ಹಿರಿಯೂರಿನವರು ದುರ್ಗದವರನ್ನು ಸೋಲಿಸಿದರು. ಕೊನೇ ಗಳಿಗೆಯಲ್ಲಿ ಸಂಘಟಕರ ಚೆಂಡು ತಂತಿ ಬೇಲಿ ಹಾರಿ ಜಾಲಿ ಗಿಡದೊಳಕ್ಕೆ ಬಿತ್ತು. ಮುಳ್ಳಿನಿಂದ ಬಿಡಿಸಿ ತಂದಾಗ ಅದು ಸೊರಗಿದ ಹೀರೇಕಾಯಿಯಂತಾಗಿತ್ತು. ಸಂಘಟಕರ ಎರಡನೇ ಚೆಂಡು ಕೊರಿಯರಿನಲ್ಲಿ ಬರಬೇಕಿತ್ತು. ಎರಡು ದಿನದಿಂದ ತುಮಕೂರಿನಲ್ಲೇ ಇದೆ ಎಂದು ಮೊಬೈಲು ತೋರಿಸುತ್ತಿತ್ತು. ಹೊಳಲ್ಕೆರೆಯವರನ್ನು ಕೇಳಿದರೆ ಅವರು ತಂದಿದ್ದು ವಾಲಿಬಾಲು.

"ಯಾರತ್ರನಾರ ಐತೇನ್ರಿ ಇನ್ನೊಂದು ಚೆಂಡು?" ಎಂದು ರೆಫರಿ ಹನುಮಂತಯ್ಯ ಕೂಗಿದರು. ಅವರು ನಿವೃತ್ತ ದೈಹಿಕ ಶಿಕ್ಷಕರು. ನಿಯಮದ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಂದಿನ ಜೇಬಿನಲ್ಲಿಟ್ಟುಕೊಂಡಿದ್ದರು.

ಎಲ್ಲರೂ ಮತ್ತೋಡು ತಂಡದ ಕಲ್ಲೇಶನ ಕಡೆ ತಿರುಗಿದರು. ಆರಡಿ ಎತ್ತರದ ಕಲ್ಲೇಶ್ ಮಡಿಸಿದ ಟವೆಲಿನ ಮೇಲೆ ಚೆಂಡಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಿಂತಿದ್ದ.

ಮತ್ತೋಡಿಗೂ ಹೊಳಲ್ಕೆರೆಗೂ ಪಂದ್ಯ ಶುರುವಾಯಿತು. ಕಲ್ಲೇಶ್ ಚೆಂಡು ಹಿಡಿದು ಹತ್ತು ಹೆಜ್ಜೆ ಓಡಿದ. ಹೊಳಲ್ಕೆರೆಯವನೊಬ್ಬ ಅವನ ಬೆನ್ನು ಮುಟ್ಟಿದ. ಕಲ್ಲೇಶ್ ನಿಂತ. ಚೆಂಡನ್ನು ಮೆಲ್ಲಗೆ ನೆಲಕ್ಕಿಟ್ಟ. ಬಲಗಾಲು ಎತ್ತಿದ. ಎತ್ತಿದ ಕಾಲು ಎತ್ತಿದಂತೆಯೇ ಇತ್ತು.

"ಉರುಳ್ಸಲೇ ಕಲ್ಲೇಶಿ!" ಎಂದು ಚೇತನ್‌ಕುಮಾರ್ ಗೆರೆಯಾಚೆಯಿಂದ ಕೂಗಿದ.

"ಎಂಗ್ ಉರುಳ್ಸನ ಮೇಷ್ಟ್ರೇ? ವಿಭೂತಿ ನನ್ನೇ ನೋಡ್ತೈತೆ."

"ಅದು ಚೆಂಡು ಕಣಲೇ!"

"ಬೆಳಿಗ್ಗೆ ಇದ್ಕೇ ಅಲ್ವಾ ನೀವೂ ಕೈ ಮುಗ್ದಿದ್ದು?"

ಚೇತನ್‌ಕುಮಾರ್ ಮುಗಿದದ್ದು ನಿಜ. ಪಕ್ಕದಲ್ಲಿ ಕಾರ್ಯದರ್ಶಿಗಳು ನಿಂತಿದ್ದಾಗ ಇನ್ನೇನು ಮಾಡಲು ಸಾಧ್ಯವಿತ್ತು? ಹನುಮಂತಯ್ಯ ಸೀಟಿ ಊದಿ, ಉರುಳಿಸದೆ ನಿಂತಿದ್ದಕ್ಕೆ ಚೆಂಡನ್ನು ಹೊಳಲ್ಕೆರೆಗೆ ಕೊಟ್ಟರು.

ಹೊಳಲ್ಕೆರೆಯ ನಾಯಕ ಚೆಂಡು ತೆಗೆದುಕೊಂಡು ಓಡಿ, ಮುಟ್ಟಿಸಿಕೊಂಡು, ನೆಲಕ್ಕಿಟ್ಟು, ಅಭ್ಯಾಸಬಲದಿಂದ ಕಾಲೆತ್ತಿದ. ಆಗ ಬೇಲಿಯ ಪಕ್ಕದಿಂದ ಒಂದು ಕೂಗು ಬಂತು. "ಏಯ್! ಕಣ್ಣು ಕಾಣಾಕಿಲ್ವೇನೋ ನಿಂಗೆ? ಎಲ್ಲಿಗೆ ಕಾಲಿಕ್ತೀಯ?"

ಕೂಗಿದವಳು ಮಲ್ಲಕ್ಕ. ಸ್ಟೇಡಿಯಂ ಗೇಟಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾರುವವಳು. ಇಪ್ಪತ್ತು ವರ್ಷದಿಂದ ಒಳಗೆ ಏನು ಆಟ ನಡೆದರೂ ತಿರುಗಿ ನೋಡಿದವಳಲ್ಲ. ಇವತ್ತು ಬಾಣಲೆ ಬಿಟ್ಟು ಎದ್ದು ಬಂದಿದ್ದಳು. ಹೊಳಲ್ಕೆರೆಯವನು ಬಗ್ಗಿ ನೋಡಿದ, ಮೂರು ಗೆರೆ ಕಂಡ, ಗಲ್ಲ ಗಲ್ಲ ಬಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಸೀಟಿ. ಚೆಂಡು ಮತ್ತೋಡಿಗೆ.

ಹೀಗೆ ಹತ್ತು ನಿಮಿಷ ಚೆಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಕೈ ಬದಲಾಯಿತು. ಒಬ್ಬನ ಕಾಲೂ ಅದಕ್ಕೆ ತಾಗಲಿಲ್ಲ. ಕೈಯಿಂದ ಉರುಳಿಸಬಹುದೇ ಎಂದು ಎರಡೂ ತಂಡದವರು ಸೇರಿ ಹನುಮಂತಯ್ಯನವರನ್ನು ಕೇಳಿದರು. ಅವರು ಕನ್ನಡಕ ಹಾಕಿಕೊಂಡು, ಪುಸ್ತಕ ತೆಗೆದು, ಬಿಸಿಲಿಗೆ ಹಿಡಿದು ಓದಿದರು.

"ಕಾಲು ಅಂತ್ಲೇ ಬರ್ದವ್ರೆ ಕಣ್ರಪ್ಪ. ನಾನೇನ್ ತಿದ್ದಾಕಾಯ್ತದಾ?"

ವಿರಾಮದಲ್ಲಿ ಚೇತನ್‌ಕುಮಾರ್ ಸಾದಿಕ್‌ನನ್ನು ಪಕ್ಕಕ್ಕೆ ಕರೆದ. ಸಾದಿಕ್ ಮತ್ತೋಡಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು, ತಂಡದಲ್ಲೇ ಚುರುಕು.

"ಸಾದಿಕ್, ನೀನಾರ ಉರುಳ್ಸಪ್ಪ. ನಿಂಗೇನು?"

"ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ" ಎಂದ ಸಾದಿಕ್. "ಊರಿಗೂರೇ ಕೈ ಮುಗ್ದಿರಾ ಚೆಂಡಿಗೆ ನಾನೊಬ್ನು ಕಾಲಿಕ್ಲಾ? ಪಾರ್ವತಮ್ಮಾರು ಯುಗಾದಿಗೆ ನಮ್ಮನಿಗೆ ಡಬ್ಬಿ ತುಂಬ ಹೋಳಿಗೆ ಕಳಿಸ್ತಾರೆ. ಅದನ್ನೂ ಕಳಕೊಳ್ಳಾನಾ?" ಆಮೇಲೆ ಸ್ವಲ್ಪ ಯೋಚಿಸಿ ಹೇಳಿದ: "ಒಂದ್ ಕೆಲ್ಸ ಮಾಡಾಣ. ಮುಟ್ಟಿದ್ರೆ ತಾನೇ ಉರುಳ್ಸಾದು? ಮುಟ್ಟಿಸ್ಕಳಾದೇ ಬ್ಯಾಡ."

ಮೂರು ತಿಂಗಳು ಚೇತನ್‌ಕುಮಾರ್ ಗಂಟಲು ಹರಿದುಕೊಂಡು ಹೇಳಿದ್ದೂ ಇದೇ. ಆಗ ಯಾರ ಕಿವಿಗೂ ಹೋಗಿರಲಿಲ್ಲ. ಈಗ ದೇವರ ಮೇಲೆ ಕಾಲಿಡುವ ಭಯಕ್ಕೆ ತಂಡದವರು ಹಾವು ಕಂಡವರ ಹಾಗೆ ಓಡಿದರು. ಯಾರಾದರೂ ಹತ್ತಿರ ಬಂದರೆ ಸಾಕು, ಚೆಂಡನ್ನು ಹಿಂದಿನವನಿಗೆ ದಾಟಿಸಿಬಿಡುತ್ತಿದ್ದರು. ಕಲ್ಲೇಶ್ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡದ್ದಕ್ಕೆ ಮಲ್ಲಕ್ಕ ಬೈದಿದ್ದರಿಂದ ಎಲ್ಲರೂ ಎರಡೂ ಕೈಯಲ್ಲಿ, ಎದೆಯ ಮುಂದೆ, ಆರತಿ ತಟ್ಟೆ ಹಿಡಿದಂತೆ ಹಿಡಿದು ಓಡಿದರು. ಹಿಡಿದರೆ ಹಾಗೇ ಹಿಡಿಯಬೇಕು, ಪುಸ್ತಕದಲ್ಲೂ ಹಾಗೇ ಇದೆ ಎಂದು ಹನುಮಂತಯ್ಯ ತಲೆದೂಗಿದರು.

ಕಲ್ಲೇಶ್ ಒಮ್ಮೆ ಗೆರೆ ದಾಟಿಯೇಬಿಟ್ಟ. ಚೆಂಡನ್ನು ನೆಲಕ್ಕೆ ತಾಗಿಸುವುದೊಂದೇ ಬಾಕಿ. ಆದರೆ ಅಲ್ಲಿ ಯಾರೋ ಎಲೆಅಡಿಕೆ ಉಗುಳಿದ್ದರು. ಕಲ್ಲೇಶ್ ಶುದ್ಧವಾದ ಜಾಗ ಹುಡುಕಿ, ಸೊಂಟದ ಟವೆಲು ಬಿಚ್ಚಿ, ಹಾಸಿ, ಬಗ್ಗುವಷ್ಟರಲ್ಲಿ ಹಿಂದಿನಿಂದ ಬಂದವನು ಮುಟ್ಟಿದ. ಎರಡನೇ ಸಲ ಸಾದಿಕ್‌ಗೆ ಚೆಂಡು ಸಿಕ್ಕಿತು. ಅವನು ಟವೆಲು ಹುಡುಕಲಿಲ್ಲ. ಮತ್ತೋಡು ಆ ಒಂದೇ ಟ್ರೈ ಮಾಡಿ ಗೆದ್ದು ಫೈನಲ್ಲಿಗೆ ಬಂತು.

"ನೋಡಿದ್ಯೇನಪ್ಪ ಮಹಿಮೆ!" ಎಂದರು ಏಕಾಂತಪ್ಪ. ಚೇತನ್‌ಕುಮಾರನಿಗೆ ಕಾಣುತ್ತಿದ್ದದ್ದು ಬೇರೆ. ಫೈನಲ್ ಹಿರಿಯೂರಿನವರ ಮೇಲೆ. ಅವರ ನಾಯಕ ಗುರುರಾಜ್ ಜಿಮ್ ಇಟ್ಟವನು. ಬೆಳಗ್ಗೆಯಿಂದ ಈ ತಮಾಷೆಯನ್ನು ನೋಡಿ ನಗುತ್ತಲೇ ಇದ್ದ. "ದೇವ್ರು ಗುಡಿಯಾಗಿರ್ತಾನೆ ಕಣ್ರಯ್ಯ, ಇದು ರಬ್ಬರು. ನಾವು ಒದ್ದೇ ಉರುಳ್ಸಾದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೂ ಇದ್ದ. ಅವರು ಉರುಳಿಸುವವರು, ಇವರು ಉರುಳಿಸದವರು. ಹೀಗಾದರೆ ಕಪ್ ಹಿರಿಯೂರಿಗೆ, ಹುದ್ದೆ ಹೊಳಲ್ಕೆರೆಗೆ.

ದುರ್ಗದ ಆಟದ ಸಾಮಾನಿನ ಅಂಗಡಿಗಳಿಗೆಲ್ಲ ಫೋನು ಮಾಡಿದ. ಭಾನುವಾರ, ಎತ್ತಿದವನೊಬ್ಬನೇ. "ಮೊಟ್ಟೆ ಶೇಪಿಂದು ಇಲ್ಲ ಸಾರ್, ರೌಂಡ್ ಐತೆ, ಕೊಡ್ಲಾ?" ಎಂದ.

ಉಳಿದದ್ದು ಒಂದೇ ದಾರಿ. ವಿಭೂತಿ ತೊಳೆದುಬಿಟ್ಟರೆ ಚೆಂಡು ಮತ್ತೆ ಚೆಂಡಾಗುತ್ತದೆ. ಎಲ್ಲರೂ ಚಿತ್ರಾನ್ನದ ಪೊಟ್ಟಣ ಬಿಚ್ಚಿ ಕುಳಿತಿದ್ದಾಗ ಚೇತನ್‌ಕುಮಾರ್ ಚೆಂಡನ್ನು ಶರ್ಟಿನೊಳಗೆ ಹಾಕಿಕೊಂಡು ಗ್ಯಾಲರಿಯ ಹಿಂದಿನ ನಲ್ಲಿಗೆ ಹೋದ. ಅತ್ತಿತ್ತ ನೋಡಿ, ನಲ್ಲಿ ತಿರುಗಿಸಿ, ಚೆಂಡನ್ನು ಕೆಳಗೆ ಹಿಡಿದು ಅಂಗೈಯಿಂದ ತಿಕ್ಕಿದ. ಮೊದಲನೇ ಗೆರೆ ಹೋಯಿತು. ಎರಡನೆಯದೂ ಹೋಯಿತು.

"ಅಯ್ಯೋ ಶಿವನೇ!" ಎಂದು ಹಿಂದಿನಿಂದ ದನಿ ಬಂತು. ಕೊಡ ಹಿಡಿದು ನೀರಿಗೆ ಬಂದ ಮಲ್ಲಕ್ಕ. ಮಲ್ಲಕ್ಕ ಕೊಡ ಕೆಳಗಿಟ್ಟು ಕೈ ಮುಗಿದಳು. "ಅಭಿಷೇಕ ಮಾಡ್ತಾ ಅವ್ರೆ ಮೇಷ್ಟ್ರು! ಯಾರಿಗೂ ಹೇಳ್ದಂಗೆ! ಬರ್ರೇ, ನೋಡ್ಬರ್ರೇ!"

ಎರಡು ನಿಮಿಷದಲ್ಲಿ ನಲ್ಲಿಯ ಸುತ್ತ ಐವತ್ತು ಜನ ಸೇರಿದರು. ಬರೀ ನೀರಿನ ಅಭಿಷೇಕ ಏನು ಚೆಂದ ಎಂದು ಯಾರೋ ಹಾಲಿನ ಪ್ಯಾಕೆಟ್ ತಂದರು. ಒಬ್ಬರು ಎಳನೀರು ತಂದರು. ದುರ್ಗ ತಂಡದವನೊಬ್ಬ, ಆಗಲೇ ಸೋತು ಬಿಡುವಾಗಿದ್ದವನು, ಬೈಕ್ ಹತ್ತಿ ಹೋಗಿ ಜೇನುತುಪ್ಪವನ್ನೇ ತಂದ. ಅರ್ಧಕ್ಕೆ ಬಿಟ್ಟು ಹೋಗುವಂತಿರಲಿಲ್ಲ, ಚೇತನ್‌ಕುಮಾರ್ ಮುಕ್ಕಾಲು ಗಂಟೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಕೊಟ್ಟಿದ್ದನ್ನೆಲ್ಲ ಚೆಂಡಿನ ಮೇಲೆ ಹೊಯ್ದ. ಕೊನೆಗೆ ಪಾರ್ವತಮ್ಮನವರು ಸೆರಗಿನಿಂದ ಚೆಂಡು ಒರೆಸಿ, ಬೆಳಗ್ಗೆಗಿಂತ ಎರಡರಷ್ಟು ದಪ್ಪ ವಿಭೂತಿ ಬಳಿದರು.

"ಚೇತನ್, ನಿಂಗಿಷ್ಟು ಭಕ್ತಿ ಐತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ" ಎಂದರು ಏಕಾಂತಪ್ಪ. ಅವರ ಕಣ್ಣು ಒದ್ದೆಯಾಗಿತ್ತು. ಚೇತನ್‌ಕುಮಾರನ ಪ್ಯಾಂಟೂ ಒದ್ದೆಯಾಗಿತ್ತು.

ಮೂರು ಗಂಟೆಗೆ ಫೈನಲ್ ಶುರುವಾಯಿತು. ಗುರುರಾಜ್ ಆಡಿದ ಮಾತಿನಂತೆ ನಡೆದುಕೊಂಡ. ಮೊದಲ ಸಲ ಮುಟ್ಟಿಸಿಕೊಂಡ ಕೂಡಲೇ ಚೆಂಡನ್ನು ನೆಲಕ್ಕಿಟ್ಟು ಬೂಟುಗಾಲಿನಿಂದ ಹಿಂದಕ್ಕೆ ತಳ್ಳಿದ. ಗ್ಯಾಲರಿಯಲ್ಲಿ ಇನ್ನೂರು ಜನ ಒಟ್ಟಿಗೆ "ಶಿವ ಶಿವಾ" ಎಂದರು. ಐದು ನಿಮಿಷದಲ್ಲಿ ಹಿರಿಯೂರಿನವರು ಎರಡು ಟ್ರೈ ಮಾಡಿದರು. ಚೇತನ್‌ಕುಮಾರನ ಕಣ್ಣಿಗೆ ಹೊಳಲ್ಕೆರೆಯ ಮನುಷ್ಯ ಅರ್ಜಿ ಹಿಡಿದು ಬಸ್ಸು ಹತ್ತುತ್ತಿರುವುದು ಕಾಣತೊಡಗಿತು.

ಏಳನೇ ನಿಮಿಷದಲ್ಲಿ ಗುರುರಾಜ್ ಮತ್ತೊಮ್ಮೆ ಚೆಂಡಿನ ಮೇಲೆ ಕಾಲಿಟ್ಟವನು, "ಅಮ್ಮಾ!" ಎಂದು ಅಲ್ಲೇ ಕುಳಿತುಬಿಟ್ಟ. ಮೀನಖಂಡ ಹಿಡಿದುಕೊಂಡಿತ್ತು. ಬೆಳಗ್ಗೆಯಿಂದ ಬಿಸಿಲಲ್ಲಿ ನೀರು ಕುಡಿಯದೆ ಓಡಿದರೆ ಯಾರಿಗಾದರೂ ಹಿಡಿದುಕೊಳ್ಳುತ್ತದೆ. ಗ್ಯಾಲರಿಗೆ ಮಾತ್ರ ಆ ಕಾರಣ ಸಾಲಲಿಲ್ಲ.

"ಯಾವ ಕಾಲು?" ಎಂದು ಮಲ್ಲಕ್ಕ ಕೂಗಿ ಕೇಳಿದಳು.

"ಅದೇ ಕಾಲು!" ಎಂದು ಯಾರೋ ಉತ್ತರ ಕೊಟ್ಟರು.

ಅಷ್ಟು ಸಾಕಾಯಿತು. ಗುರುರಾಜ್ ಕುಂಟುತ್ತಾ ಎದ್ದು ಆಟ ಮುಂದುವರಿಸಿದ. ಆದರೆ ಅವನ ತಂಡದವರೊಬ್ಬರೂ ಅಲ್ಲಿಂದಾಚೆ ಕಾಲೆತ್ತಲಿಲ್ಲ. "ನಂಗೆ ಮುಂದಿನ ತಿಂಗ್ಳು ಮದ್ವೆ ಐತಣ್ಣ" ಎಂದ ಒಬ್ಬ. ಇನ್ನೊಬ್ಬ ಕಾರಣವನ್ನೂ ಹೇಳದೆ ಕೈ ಮುಗಿದ. ಈಗ ಎರಡೂ ಕಡೆಯವರು ಉರುಳಿಸದವರೇ. ಮುಟ್ಟಿಸಿಕೊಳ್ಳದೆ ಓಡುವುದರಲ್ಲಿ ಬೆಳಗ್ಗೆಯೇ ಪಳಗಿದ್ದ ಮತ್ತೋಡಿನವರು ಹದಿನೈದನೇ ನಿಮಿಷಕ್ಕೆ ಒಂದು, ಹದಿನೆಂಟನೆಯದಕ್ಕೆ ಒಂದು ಟ್ರೈ ಮಾಡಿದರು. ಎರಡಕ್ಕೆ ಎರಡು, ಸರಿಸಮ.

ಒಂದು ನಿಮಿಷ ಉಳಿದಿರುವಾಗ ಕಲ್ಲೇಶನ ಕಾಲು ಗುಂಡಿಗೆ ಬಿದ್ದು ಪಾದ ಉಳುಕಿತು. ತಂಡದ ಪಟ್ಟಿಯಲ್ಲಿ ಮಿಕ್ಕಿದ್ದ ಹೆಸರು ಒಂದೇ, ಲೆಕ್ಕಕ್ಕಿರಲಿ ಎಂದು ಬರೆಸಿದ್ದು: ಚೇತನ್‌ಕುಮಾರ್. ಅವನು ಒದ್ದೆ ಪ್ಯಾಂಟಿನಲ್ಲೇ, ಬರಿಗಾಲಲ್ಲೇ ಮೈದಾನಕ್ಕಿಳಿದ.

ಚೆಂಡು ಮತ್ತೋಡಿನವರ ಕೈಯಲ್ಲಿತ್ತು. ಸಾದಿಕ್ ಓಡಿ ಬಂದು ಇಬ್ಬರನ್ನು ತಪ್ಪಿಸಿ ಹಿಂದಕ್ಕೆ ಎಸೆದ. ಅದು ನೇರ ಚೇತನ್‌ಕುಮಾರನ ಎದೆಗೆ ಬಂತು. ಅವನು ಎರಡೂ ಕೈಯಲ್ಲಿ ತಬ್ಬಿಕೊಂಡು ಓಡಿದ. ಮೂವತ್ತೆರಡು ವರ್ಷದಲ್ಲಿ ಅವನು ಹಾಗೆ ಓಡಿರಲಿಲ್ಲ. ಗೆರೆ ಹತ್ತಿರವಾಯಿತು. ಇನ್ನು ಮೂರು ಹೆಜ್ಜೆ, ಎರಡು ಹೆಜ್ಜೆ, ಒಂದು. ಅಷ್ಟರಲ್ಲಿ ಕುಂಟುತ್ತಾ ಬಂದ ಗುರುರಾಜನ ಕೈ ಅವನ ಭುಜಕ್ಕೆ ಬಿತ್ತು.

"ಟಚ್!" ಎಂದರು ಹನುಮಂತಯ್ಯ. ಗಡಿಯಾರ ನೋಡಿಕೊಂಡರು.

ಚೇತನ್‌ಕುಮಾರ್ ಚೆಂಡನ್ನು ನೆಲಕ್ಕಿಟ್ಟ. ಗ್ಯಾಲರಿಯಿಂದ ಏಕಾಂತಪ್ಪನವರ ದನಿ, ಅದರ ಹಿಂದೆ ಎಲ್ಲರ ದನಿ, "ಓಂ ನಮಃ ಶಿವಾಯ" ಎಂದು ತೇಲಿ ಬಂತು. ಇನ್ನೂರು ಜೊತೆ ಕಣ್ಣು ತನ್ನ ಬಲಗಾಲಿನ ಮೇಲೆಯೇ ನೆಟ್ಟಿವೆ ಎಂದು ಅವನಿಗೆ ಅನ್ನಿಸಿತು. ಕಾಲಿಟ್ಟರೆ ದ್ರೋಹಿ. ಇಡದಿದ್ದರೆ ಚೆಂಡು ಹಿರಿಯೂರಿಗೆ, ಆಮೇಲೆ ಪಂದ್ಯವೇ ಹೋಗಬಹುದು. ಬಲಪಕ್ಕದಲ್ಲಿ ಅರ್ಧ ಗಜ ಹಿಂದೆ ಸಾದಿಕ್ ಬಗ್ಗಿ ಕಾಯುತ್ತಿದ್ದ. ಶಿವನಿಗೆ ಕ್ಷಮಿಸುವುದು ಗೊತ್ತು, ಆಡಳಿತ ಮಂಡಳಿಗೆ ಗೊತ್ತಿಲ್ಲ ಎಂಬುದೊಂದೇ ಆಗ ಅವನಿಗೆ ಸ್ಪಷ್ಟವಾಗಿ ತಿಳಿದಿದ್ದು. ಅವನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ತಪ್ಪಾಯ್ತು ಎಂದು, ಬಲಗಾಲಿನ ಅಂಗಾಲನ್ನು ವಿಭೂತಿಯ ಮೇಲಿಟ್ಟು ಹಿಂದಕ್ಕೆ ಉರುಳಿಸಿದ.

ಸಾದಿಕ್ ಚೆಂಡೆತ್ತಿ ಅವನ ಪಕ್ಕದಿಂದ ನುಗ್ಗಿ ಗೆರೆಯಾಚೆ ಇಟ್ಟ. ಹನುಮಂತಯ್ಯ ಉದ್ದದ ಸೀಟಿ ಊದಿದರು. ಮತ್ತೋಡು ಗೆದ್ದಿತ್ತು.

ಚೇತನ್‌ಕುಮಾರ್ ಕಣ್ಣು ಬಿಟ್ಟು, ಬೈಗುಳಕ್ಕೆ ತಯಾರಾಗಿ ಗ್ಯಾಲರಿಯ ಕಡೆ ತಿರುಗಿದ. ಏಕಾಂತಪ್ಪ, ಪಾರ್ವತಮ್ಮ, ಅಧ್ಯಕ್ಷರು, ಸದಸ್ಯರು, ಮಲ್ಲಕ್ಕ, ಎಲ್ಲರೂ ಎದ್ದು ನಿಂತು, ಕೈ ಮುಗಿದು, ಬಿಗಿಯಾಗಿ ಕಣ್ಣು ಮುಚ್ಚಿಕೊಂಡಿದ್ದರು. ದೇವರು ಇಬ್ಬರಿಗೂ ಒಬ್ಬನೇ ಆದ್ದರಿಂದ ಹಿರಿಯೂರಿನವರ ಕಡೆಯವರೂ ಮುಚ್ಚಿಕೊಂಡಿದ್ದರು. ಸೀಟಿಯ ಸದ್ದಿಗೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

"ಗೆದ್ವಾ?" ಎಂದರು ಏಕಾಂತಪ್ಪ.

ಅವರೆಲ್ಲ ಕುಣಿಯುತ್ತಾ ಮೈದಾನಕ್ಕೆ ಓಡಿ ಬಂದರು. ನಡುವೆ ಗುರುರಾಜ್ ಒಬ್ಬನೇ ಕೂಗುತ್ತಿದ್ದ. "ಇವ್ನು ಕಾಲಿಕ್ಕಿದ! ನಾನು ಇಲ್ಲೇ ಇದ್ದೆ, ಕಣ್ಣಾರೆ ಕಂಡೆ. ನಾವಿಕ್ಕಿದ್ರೆ ಪಾಪ, ಇವ್ರು ಇಕ್ಕಿದ್ರೆ ಪುಣ್ಯನಾ?"

ಏಕಾಂತಪ್ಪನವರ ಮುಖ ಗಂಭೀರವಾಯಿತು.

"ಚೇತನ್, ನನ್ನ ಮುಖ ನೋಡಿ ಹೇಳು. ಕಾಲಿಕ್ಕಿದ್ಯಾ?"

ಚೇತನ್‌ಕುಮಾರ್ ಸಾದಿಕ್‌ನ ಕಡೆ ನೋಡಿದ. ಸಾದಿಕ್ ಆಕಾಶ ನೋಡುತ್ತಿದ್ದ. ಹನುಮಂತಯ್ಯ ಪುಸ್ತಕವನ್ನು ಕವರಿಗೆ ಹಾಕುವುದರಲ್ಲಿ ಮುಳುಗಿದ್ದರು.

"ಇಲ್ಲ ಸರ್."

"ಮತ್ತೆ ಚೆಂಡು ಹಿಂದಕ್ಕೆ ಎಂಗೋಯ್ತು?"

"ತಾನಾಗೇ ಉರುಳ್ತು ಸರ್."

ಪಾರ್ವತಮ್ಮನವರು ಗಲ್ಲ ಗಲ್ಲ ಬಡಿದುಕೊಂಡರು. ಮಲ್ಲಕ್ಕ ಮೈದಾನದಲ್ಲೇ ಉದ್ದಂಡ ನಮಸ್ಕಾರ ಮಾಡಿದಳು. ಗುರುರಾಜ್ ಕೂಡ ಒಂದು ಸಲ ತನ್ನ ಮೀನಖಂಡ ಮುಟ್ಟಿ ನೋಡಿಕೊಂಡು ಬಾಯಿ ಮುಚ್ಚಿದ. ಏಕಾಂತಪ್ಪನವರು ಚೇತನ್‌ಕುಮಾರನ ಬೆನ್ನು ತಟ್ಟಿದರು. ಆಮೇಲೆ ಸದಸ್ಯರ ಕಡೆ ತಿರುಗಿ, "ಸೋಮವಾರದಗಂಟ ಯಾಕೆ? ಐದು ಜನಾನೂ ಇಲ್ಲೇ ಅದೀವಲ್ಲ, ಈಗ್ಲೇ ಮೀಟಿಂಗ್ ಮಾಡಾಣ ಬರ್ರಿ" ಎಂದರು.

ಸ್ಟೇಡಿಯಂ ಮೂಲೆಯ ಬೇವಿನ ಮರದ ಕೆಳಗೆ ಮೀಟಿಂಗ್ ನಡೆಯಿತು. ಚೇತನ್‌ಕುಮಾರ್ ದೂರದಲ್ಲಿ ಕಪ್ ಹಿಡಿದು ನಿಂತಿದ್ದ. ದಿವ್ಯಾಳಿಗೆ ಫೋನು ಮಾಡಿ, ಕೆಲಸ ಕಾಯಂ ಆದಂತೆಯೇ, ಮಾವನವರಿಗೂ ಹೇಳಿಬಿಡು ಎಂದ. ಹತ್ತು ನಿಮಿಷಕ್ಕೆ ಏಕಾಂತಪ್ಪನವರು ನಗುತ್ತಾ ಬಂದರು.

"ಆಯ್ತು ಕಣಪ್ಪ. ಒಮ್ಮತದಾಗೆ ಆಯ್ತು. ಪರ್ಮನೆಂಟ್!"

ಚೇತನ್‌ಕುಮಾರ್ ಬಗ್ಗಿ ಅವರ ಕಾಲಿಗೆ ಬಿದ್ದ. "ನಿಮ್ಮ ಉಪಕಾರ ಮರಿಯಲ್ಲ ಸರ್."

"ನಂದೇನೈತೆ? ಎಲ್ಲಾ ಅವನ್ದೇ. ಚೆಂಡಿಗೆ ನಮ್ ಸ್ಕೂಲ್‌ನಾಗೆ ಪರ್ಮನೆಂಟ್ ಜಾಗ ಅಂತ ಬರ್ಕಂಡೀವಿ. ನಿನ್ ಆಟದ ರೂಮು ಐತಲ್ಲ, ಅಲ್ಲೇ ಪ್ರತಿಷ್ಠಾಪನೆ. ದಿನಾ ಎರಡೊತ್ತು ಪೂಜೆಗೆ ಒಬ್ರು ಬೇಕಲ್ಲ, ಈ ವರ್ಷ ಬಂದಿರಾ ಕಾಯಂ ಹುದ್ದೆಗೆ ಅಧ್ಯಕ್ಷರ ಕಡೇರನ್ನ ತಗಂಡೀವಿ. ಹೊಳಲ್ಕೆರೆಯೋರಿಗೆ ರುದ್ರ ಬಾಯಿಪಾಠ ಬರ್ತೈತಂತೆ."

ಚೇತನ್‌ಕುಮಾರ್ ಎದ್ದು ನಿಂತ. "ಸರ್, ಕಪ್ ತಂದ್ರೆ ನನ್ನ..."

"ನೀನೇ ಹೇಳಿದ್ಯಲ್ಲಪ್ಪ, ತಾನಾಗೇ ಉರುಳ್ತು ಅಂತ. ತಾನಾಗೇ ಆಡಾ ಚೆಂಡಿಗೆ ಮೇಷ್ಟ್ರು ಯಾಕೆ? ಪೂಜೇರು ಬೇಕು."

"ಸರ್, ಅದು ತಾನಾಗೇ ಉರುಳ್ಳಿಲ್ಲ."

"ಮತ್ತೆ?"

ಏಕಾಂತಪ್ಪನವರ ಹಿಂದೆ ಪಾರ್ವತಮ್ಮ ಇದ್ದರು. ಪಾರ್ವತಮ್ಮನ ಹಿಂದೆ ಮಲ್ಲಕ್ಕ, ಮಲ್ಲಕ್ಕನ ಹಿಂದೆ ನಾಲ್ಕೂ ತಾಲ್ಲೂಕಿನ ಜನ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದರು. ಚೇತನ್‌ಕುಮಾರ್ ತನ್ನ ಬಲಗಾಲು ನೋಡಿಕೊಂಡ. ಅಂಗಾಲಿನ ಅಂಚಿನಲ್ಲಿ ಸ್ವಲ್ಪ ವಿಭೂತಿ ಅಂಟಿಕೊಂಡಿತ್ತು. ಅವನು ಆ ಕಾಲನ್ನು ಮೆಲ್ಲಗೆ ಎಡಗಾಲಿನ ಹಿಂದಕ್ಕೆ ಸರಿಸಿದ.

"ಏನಿಲ್ಲ ಸರ್."

"ನೀನೇನ್ ಯೋಚ್ನೆ ಮಾಡ್ಬ್ಯಾಡ. ಅತಿಥಿಯಾಗಿ ಹೆಂಗಿದ್ಯೋ ಹಂಗೇ ಇರು, ಯಾರೂ ತೆಗಿಯಲ್ಲ. ಆದ್ರೆ ಅಂಥಾ ಚೆಂಡಿರಾ ಸ್ಕೂಲ್‌ನಾಗೆ ಇನ್ನೊಂದು ಚೆಂಡು ಒದಿಯಾದು ಚೆನ್ನಾಗಿರಲ್ಲ. ಚೆಂಡಿಲ್ದಿರಾ ಆಟ ಏನಾರ ಇದ್ರೆ ನೋಡ್ಕ."

ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಭೀಮಸಮುದ್ರದಿಂದ ಮಾವ. ಚೇತನ್‌ಕುಮಾರ್ ಎತ್ತಲಿಲ್ಲ.

ಸಂಜೆ ಎಲ್ಲರೂ ಟೆಂಪೋ ಹತ್ತಿದರು. ಮುಂದಿನ ಸೀಟಿನಲ್ಲಿ ಹೊಸ ಟವೆಲು ಹಾಸಿ, ಚೆಂಡನ್ನು ಕೂರಿಸಿ, ಬೀಳದಂತೆ ಸುತ್ತ ಹೂವಿನ ಹಾರ ಒತ್ತರಿಸಿದ್ದರು. ಉಳುಕಿದ ಕಾಲು ಚಾಚಿಕೊಳ್ಳಲು ಕಲ್ಲೇಶನಿಗೆ ಎರಡು ಸೀಟು ಬೇಕಾಯಿತು. ಎಣಿಸಿ ನೋಡಿದರೆ ಒಬ್ಬರಿಗೆ ಜಾಗ ಸಾಲಲಿಲ್ಲ. ದುರ್ಗದಿಂದ ಮತ್ತೋಡಿನವರೆಗೆ ಚೇತನ್‌ಕುಮಾರ್ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬಂದ. ಗುಂಡಿ ಸಿಕ್ಕಿದಾಗಲೆಲ್ಲ ಏಕಾಂತಪ್ಪನವರು ಹಿಂದಿನಿಂದ ಕೂಗಿ ಹೇಳುತ್ತಿದ್ದರು: "ಚೇತನ್, ಒಂದ್ ಕೈ ಅವನ್ನ ಹಿಡ್ಕಳಪ್ಪ, ತಾನಾಗೇ ಉರುಳ್ಬುಟ್ಟಾನು."